ಅಲೋಯಿಸ್ ಅಲ್ಝೈಮರ್

ಮರೆವು ಮುಪ್ಪಿನ ಸಂಗಾತಿಯೆಂದು ಜನರು ಬಹುಕಾಲ ನಂಬಿದ್ದರು. ಅದು ಮೆದುಳಿನ ರೋಗವೂ ಆಗಿರಬಹುದೆಂಬುದನ್ನು ಸೂಕ್ಷ್ಮದರ್ಶಕದ ಮೂಲಕ ತೋರಿಸಿಕೊಟ್ಟ ವೈದ್ಯನು ಅಲೋಯಿಸ್ ಅಲ್ಝೈಮರ್. ಆತನು 1864ರ ಜೂನ್ 14ರಂದು ಜರ್ಮನಿಯ ಬವೇರಿಯಾ ಪ್ರಾಂತದ ಮಾರ್ಕ್ಟ್‌ಬ್ರೈಟ್ ಎಂಬ ಪುಟ್ಟ ಊರಿನಲ್ಲಿ ಜನಿಸಿದನು. ವೈದ್ಯಪದವಿ ಪಡೆದು 1888ರಲ್ಲಿ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯವನ್ನು ಸೇರಿದನು. ಮರುವರ್ಷ ಅಲ್ಲಿಗೆ ಬಂದ ಫ್ರಾನ್ಜ್ ನಿಸ್ಲ್ ಆತನ ಆಪ್ತಮಿತ್ರನಾದನು. ನರಕೋಶಗಳಿಗೆ ಬಣ್ಣವೂಡಿ ಅವು ಸ್ಪಷ್ಟವಾಗಿ ಕಾಣುವಂತೆ ಮಾಡುವುದರಲ್ಲಿ ನಿಸ್ಲ್ ನಿಪುಣ. ಆ ವಿದ್ಯೆ ಅಲ್ಝೈಮರನಿಗೂ ಒಲಿಯಿತು.

1901 ಆತನ ಪಾಲಿಗೆ ದುಃಖದ ವರ್ಷ. ಮೂವರು ಎಳೆಯ ಮಕ್ಕಳನ್ನು ಬಿಟ್ಟು ಪತ್ನಿ ಸೆಸಿಲಿ ತೀರಿಕೊಂಡಳು. ಅದೇ ವರ್ಷದ ನವೆಂಬರಿನಲ್ಲಿ ಆಗುಸ್ಟೆ ಎಂಬ 51 ವರ್ಷದ ಗೃಹಿಣಿಯನ್ನು ಚಿಕಿತ್ಸಾಲಯಕ್ಕೆ ಕರೆತಂದರು. ಗಂಡನ ಹೆಸರನ್ನು ಕೇಳಿದರೆ ಆಕೆ ತನ್ನ ಹೆಸರನ್ನೇ ಹೇಳುತ್ತಿದ್ದಳು. ತಾನು ಉಣ್ಣುತ್ತಿರುವುದೇನೆಂದೂ ತಿಳಿಯದು. ಬರೆಯಲು ಹೊರಟ ತನ್ನ ಹೆಸರು ಅರ್ಧಕ್ಕೇ ನಿಲ್ಲುತ್ತಿತ್ತು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಇಂತಹ ಮರೆವೇ? ಅಲ್ಝೈಮರ್ ಆಕೆಯ ಮಾತುಗಳನ್ನೆಲ್ಲ ತಾಳ್ಮೆಯಿಂದ ಬರೆದಿಟ್ಟನು. ಮುಂದೆ ಮ್ಯೂನಿಕ್ಕಿಗೆ ಹೋದ ಮೇಲೂ ಆಕೆಯನ್ನು ಮರೆಯಲಿಲ್ಲ.

1906ರ ಏಪ್ರಿಲಿನಲ್ಲಿ ಆಗುಸ್ಟೆ ಮರಣಹೊಂದಿದಾಗ ಆಕೆಯ ಮೆದುಳನ್ನು ತರಿಸಿಕೊಂಡು ಪರೀಕ್ಷಿಸಿದನು. ಮೆದುಳು ಕುಗ್ಗಿಹೋಗಿತ್ತು. ಬೆಳ್ಳಿಯ ಲವಣದಿಂದ ಬಣ್ಣವೂಡಿದ ತೆಳುಪದರಗಳಲ್ಲಿ ಎರಡು ವಿಕಾರಗಳು ಕಂಡವು: ಕೋಶಗಳ ಹೊರಗೆ ಗರಣೆಗಳು, ಒಳಗೆ ಸಿಕ್ಕುಬಿದ್ದ ನೂಲಿನಂತಹ ಎಳೆಗಳು. ಅದೇ ನವೆಂಬರ್ 3ರಂದು ಟ್ಯೂಬಿಂಗನ್ ನಗರದ ವೈದ್ಯರ ಸಭೆಯಲ್ಲಿ ಇದನ್ನು ವಿವರಿಸಿದನು. ಸಭಿಕರಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲ! 1910ರಲ್ಲಿ ಹಿರಿಯ ವೈದ್ಯ ಕ್ರೇಪೆಲಿನ್ ತನ್ನ ಗ್ರಂಥದಲ್ಲಿ ಈ ರೋಗಕ್ಕೆ ಅಲ್ಝೈಮರನ ಹೆಸರನ್ನಿಟ್ಟನು. ಬ್ರೆಸ್ಲೌ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಆತನು 1915ರ ಡಿಸೆಂಬರ್ 19ರಂದು, ಕೇವಲ 51ನೆಯ ವಯಸ್ಸಿನಲ್ಲಿ, ನಿಧನಹೊಂದಿದನು.

ಆ ಎಳೆಗಳು ಯಾವುದರಿಂದ ಆದವೆಂಬುದು ಆತನ ಕಾಲದಲ್ಲಿ ತಿಳಿಯಲಿಲ್ಲ. ಅವು ಟೌ ಎಂಬ ಪ್ರೋಟೀನಿನವೆಂದು 1980ರ ದಶಕದಲ್ಲಿ ಗೊತ್ತಾಯಿತು. ಟೌ ನರಕೋಶದೊಳಗಿನ ಸೂಕ್ಷ್ಮನಾಳಗಳಿಗೆ ಆಸರೆ. ಅದಕ್ಕೆ ಫಾಸ್ಫೇಟು ಮಿತಿಮೀರಿ ಅಂಟಿದರೆ ನಾಳಗಳಿಂದ ಕಳಚಿ ತನ್ನಲ್ಲೇ ಸಿಕ್ಕಾಗುತ್ತದೆ. 1993ರಲ್ಲಿ ಆಂಬ್ರೋಸ್ ಮತ್ತು ರುವ್ಕನ್ ಎಂಬ ವಿಜ್ಞಾನಿಗಳು ಒಂದು ಪುಟ್ಟ ಹುಳುವಿನಲ್ಲಿ ಮೈಕ್ರೊ ಆರ್‌ಎನ್‌ಎ ಎಂಬ ಕಿರು ಅಣುವನ್ನು ಕಂಡರು; ಅದಕ್ಕಾಗಿ 2024ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಇಂತಹ ಅಣುಗಳು ಜೀವಕೋಶದಲ್ಲಿ ಪ್ರೋಟೀನು ಎಷ್ಟು ತಯಾರಾಗಬೇಕೆಂಬುದಕ್ಕೆ ಕಡಿವಾಣ ಹಾಕುತ್ತವೆ. ಅವುಗಳಲ್ಲಿ 132ನೆಯ ಸಂಖ್ಯೆಯದು ಅಲ್ಝೈಮರ್ ರೋಗಿಗಳ ಮೆದುಳಿನಲ್ಲಿ ಕಡಮೆಯಾಗಿರುತ್ತದೆ. ಅದನ್ನೂ ಅದರ ಜೊತೆಯ ಇನ್ನೊಂದನ್ನೂ ತೆಗೆದುಹಾಕಿದ ಇಲಿಗಳಲ್ಲಿ ಟೌ ಹೆಚ್ಚಿತು, ನೆನಪು ಕುಂದಿತು.