ತಮ್ಮ ಮನೆಯನ್ನೇ ನೋಡಿ ನಕ್ಕ ಕೈಲಾಸಂ

ಕನ್ನಡನಾಡಿನಲ್ಲಿ ಹಾಸ್ಯೋತ್ಸವ ಎಲ್ಲೇ ನಡೆಯಲಿ, ಟಿ.ಪಿ. ಕೈಲಾಸಂ ಹೆಸರಿನಲ್ಲಿ ಒಂದೆರಡು ಚಟಾಕಿಗಳು ಹಾರದೆ ಸಭೆ ಮುಗಿಯುವುದು ಅಪರೂಪ. ಅವುಗಳಲ್ಲಿ ಎಷ್ಟು ನಿಜಕ್ಕೂ ಅವರ ಬಾಯಿಂದ ಬಂದವು, ಎಷ್ಟನ್ನು ನಂತರದವರು ಅವರ ತಲೆಗೆ ಕಟ್ಟಿದರು ಎಂದು ಕೇಳುವ ಗೊಡವೆಗೆ ಯಾರೂ ಹೋಗುವುದಿಲ್ಲ. ಅವರು ತೀರಿಕೊಂಡು ಮುಕ್ಕಾಲು ಶತಮಾನ ಕಳೆದಿದೆ. ಇಷ್ಟು ದೀರ್ಘಕಾಲ ಜನರ ನಾಲಗೆಯ ಮೇಲೆ ಉಳಿಯುವ ಭಾಗ್ಯ ಎಲ್ಲ ಲೇಖಕರಿಗೂ ಸಿಗುವುದಿಲ್ಲ. ಆದರೆ ಚಟಾಕಿ ಉಳಿದಷ್ಟು ಗಟ್ಟಿಯಾಗಿ ನಾಟಕಗಳು ಉಳಿದಿವೆಯೇ? ಕೈಲಾಸಂ ಯಾರನ್ನು ನೋಡಿ ನಕ್ಕರು, ಏಕೆ ನಕ್ಕರು ಎಂಬುದು ನಮಗೆ ನೆನಪಿದೆಯೇ?

ತ್ಯಾಗರಾಜ ಪರಮಶಿವ ಕೈಲಾಸಂ ಹುಟ್ಟಿದ್ದು 1884ರಲ್ಲಿ, ತಮಿಳು ಮನೆಮಾತಿನ ಬ್ರಾಹ್ಮಣ ಕುಟುಂಬದಲ್ಲಿ. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದ ನ್ಯಾಯಾಧೀಶರು. ಅವರೂ ಸಾಮಾನ್ಯರಲ್ಲ. ಋಗ್ವೇದವನ್ನು ಭೂವಿಜ್ಞಾನದ ಕಣ್ಣಿನಿಂದ ಓದಿ ಗ್ರಂಥ ಬರೆದವರು. ರಾಮಾಯಣದ ಲಂಕೆ ಮಧ್ಯಭಾರತದಲ್ಲಿತ್ತೆಂದು ವಾದಿಸಿದವರು. ಒಪ್ಪಿತ ನಂಬಿಕೆಯನ್ನು ಪ್ರಶ್ನಿಸುವ ಗುಣ ಮಗನಿಗೆ ಮನೆಯಲ್ಲೇ ದಕ್ಕಿತೆನ್ನಬಹುದು. ಮಗ ಆ ಗುಣವನ್ನು ಗ್ರಂಥಗಳಿಂದ ಹೊರತಂದು ನಡುಮನೆಗೂ ಅಡುಗೆಮನೆಗೂ ಒಯ್ದರು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂವಿಜ್ಞಾನ ಓದಿದ ಕೈಲಾಸಂ, ಹೆಚ್ಚಿನ ವ್ಯಾಸಂಗಕ್ಕೆಂದು ಲಂಡನ್ನಿಗೆ ತೆರಳಿ ಕೆಲವು ವರ್ಷ ಅಲ್ಲಿ ನೆಲೆಸಿದರು. ಹಗಲು ಕಲ್ಲು–ಖನಿಜಗಳ ಅಧ್ಯಯನವಾದರೆ, ಸಂಜೆ ರಂಗಮಂದಿರಗಳಲ್ಲಿ ಇನ್ನೊಂದು ಅಧ್ಯಯನ ನಡೆಯುತ್ತಿತ್ತು. ಜನಸಾಮಾನ್ಯರು ಕಿಕ್ಕಿರಿದು ಸೇರುತ್ತಿದ್ದ ಅಲ್ಲಿನ ಮ್ಯೂಸಿಕ್ ಹಾಲ್‌ಗಳ ಲವಲವಿಕೆ ಅವರಿಗೆ ಅಂಟಿಕೊಂಡಿತು. ಮಹಾಯುದ್ಧದ ದಿನಗಳಲ್ಲಿ ಬ್ರಿಟಿಷ್ ಸಿಪಾಯಿಗಳು ಹಾಡುತ್ತಿದ್ದ ಟಿಪ್ಪರೆರಿ ಗೀತೆಯ ಧಾಟಿ ಮುಂದೆ ಅವರ ಕೈಯಲ್ಲಿ ತಿಪ್ಪಾರಳ್ಳಿಯ ಹಾಡಾಯಿತು. ಅವರ ಕೋಳೀಕೆ ರಂಗನೂ ಇಂಥದೇ ಇಂಗ್ಲಿಷ್ ಧಾಟಿಯ ಮೇಲೆ ಕುಣಿದು ಬಂದವನು. ಹಾಡುವವರಿಗೆ ಮೂಲದ ಪರಿಚಯವೇ ಬೇಡ ಎನ್ನುವಷ್ಟು ಈ ಅಣಕುಹಾಡುಗಳು ಕನ್ನಡದವೇ ಆಗಿಬಿಟ್ಟವು.

ಸ್ವದೇಶಕ್ಕೆ ಮರಳಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಸೇರಿದ ಕೈಲಾಸಂ ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಸಂಬಳ, ಅಧಿಕಾರ, ನಿವೃತ್ತಿವೇತನದ ಭರವಸೆ ಎಲ್ಲವನ್ನೂ ತೊರೆದು ನಾಟಕದ ಹಿಂದೆ ಹೊರಟರು.

ಆಗಿನ ಕನ್ನಡ ರಂಗಭೂಮಿಯಲ್ಲಿ ಮೆರೆಯುತ್ತಿದ್ದುದು ವೃತ್ತಿ ಕಂಪನಿಗಳು. ಕೈಲಾಸಂ ಹುಟ್ಟಿದ ವರ್ಷವೇ ಆರಂಭವಾಗಿದ್ದ ಗುಬ್ಬಿ ಕಂಪನಿ ಅವುಗಳಲ್ಲಿ ಪ್ರಮುಖವಾದುದು. ಪುರಾಣದ ಕಥೆ, ಝಗಝಗಿಸುವ ಪರದೆ, ಕಂದ–ವೃತ್ತಗಳು, ಗ್ರಾಂಥಿಕ ಸಂಭಾಷಣೆ ಇವು ಪ್ರೇಕ್ಷಕರಿಗೆ ಪ್ರಿಯವಾಗಿದ್ದವು. ಸಾಮಾಜಿಕ ಪ್ರಹಸನ ಕನ್ನಡಕ್ಕೆ ತೀರ ಹೊಸದೇನೂ ಆಗಿರಲಿಲ್ಲ. ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲೇ ಹವ್ಯಕ ಕನ್ನಡದಲ್ಲಿ ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ ಬರೆದಿದ್ದರು. ಆದರೆ ಆ ಬೀಜ ಹಳೆಯ ಮೈಸೂರು ಸೀಮೆಯಲ್ಲಿ ಮೊಳೆತಿರಲಿಲ್ಲ. ಬೆಂಗಳೂರಿನ ಹವ್ಯಾಸಿ ನಟರು ಹೊಸತೇನನ್ನಾದರೂ ಅರಸುತ್ತಿದ್ದ ಹೊತ್ತಿನಲ್ಲಿ ಕೈಲಾಸಂ ಅವರಿಗೆ ಟೊಳ್ಳುಗಟ್ಟಿ ಕೊಟ್ಟರು.

ಇಬ್ಬರು ಅಣ್ಣತಮ್ಮಂದಿರ ಕಥೆ ಅದು. ಒಬ್ಬ ಪುಸ್ತಕದ ಹುಳು, ಪರೀಕ್ಷೆಗಳಲ್ಲಿ ತೇರ್ಗಡೆಯಾಗುತ್ತ ತಂದೆಯ ಮೆಚ್ಚುಗೆ ಗಳಿಸಿದವನು. ಇನ್ನೊಬ್ಬ ಓದಿನಲ್ಲಿ ಹಿಂದೆ, ಮನೆಯವರ ಕಷ್ಟಸುಖಕ್ಕೆ ಮುಂದೆ. ಮನೆಗೆ ಬೆಂಕಿ ಬಿದ್ದ ಗಳಿಗೆಯಲ್ಲಿ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಬಯಲಾಗುತ್ತದೆ. ಮಕ್ಕಳ ಅಂಕಪಟ್ಟಿಯನ್ನೇ ಮನೆಯ ಮಾನವೆಂದು ಭಾವಿಸುವ ಇಂದಿನ ಪೋಷಕರಿಗೆ ಈ ನಾಟಕ ಹಳೆಯದೆನಿಸಲು ಸಾಧ್ಯವಿಲ್ಲ.

ಇದೇ ಸಾಲಿನಲ್ಲಿ ಬಂದವು ತಾಳಿ ಕಟ್ಟೋಕ್ಕೂಲೀನೇ, ಬಂಡ್ವಾಳ್ವಿಲ್ಲದ್ಬಡಾಯಿ, ಪೋಲಿಕಿಟ್ಟಿ, ಅಮ್ಮಾವ್ರ ಗಂಡ, ಹೋಂರೂಲು. ಶೀರ್ಷಿಕೆಗಳೇ ಅರ್ಧ ನಾಟಕವನ್ನು ಹೇಳಿಬಿಡುತ್ತವೆ. ವರದಕ್ಷಿಣೆಯನ್ನು ತಾಳಿ ಕಟ್ಟುವುದಕ್ಕೆ ಕೊಡುವ ಕೂಲಿ ಎಂದು ಕರೆದ ಮೇಲೆ ಅದರ ಸುತ್ತಲಿನ ಶಾಸ್ತ್ರ, ಸಂಪ್ರದಾಯಗಳ ಬಣ್ಣ ತಾನಾಗಿಯೇ ಕಳಚಿ ಬೀಳುತ್ತದೆ. ವರದಕ್ಷಿಣೆಯನ್ನು ನಿಷೇಧಿಸುವ ಕೇಂದ್ರದ ಕಾನೂನು ಬಂದದ್ದು 1961ರಲ್ಲಿ. ಆ ವೇಳೆಗೆ ನಾಟಕಕಾರರು ತೀರಿಕೊಂಡು 15 ವರ್ಷಗಳಾಗಿದ್ದವು. ಪಿಡುಗು ಇನ್ನೂ ಜೀವಂತವಾಗಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕೈಲಾಸಂ ಗೇಲಿ ಮಾಡಿದ್ದು ಹೆಚ್ಚಾಗಿ ತಮ್ಮ ಸುತ್ತಲಿನವರನ್ನೇ: ಇಂಗ್ಲಿಷ್ ಕಲಿತ ಮೈಸೂರಿನ ಮಧ್ಯಮವರ್ಗವನ್ನು, ವಕೀಲರನ್ನು, ಗುಮಾಸ್ತರನ್ನು, ಮಡಿ–ಮೈಲಿಗೆಯ ಮನೆಗಳನ್ನು. ತಮಗಿಂತ ದುರ್ಬಲರನ್ನು ಅವಮಾನಿಸಿ ನಗೆ ಗಿಟ್ಟಿಸುವ ಸುಲಭದ ದಾರಿಯನ್ನು ಅವರು ಆರಿಸಿಕೊಳ್ಳಲಿಲ್ಲ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಕುಳಿತ ಗಣ್ಯರು ರಂಗದ ಮೇಲೆ ತಮ್ಮದೇ ಮಾತು, ತಮ್ಮದೇ ಜಂಬ ಕಂಡು ನಕ್ಕರು. ನಕ್ಕ ಮೇಲೆ ಮನೆಗೆ ಹೋಗಿ ಕೊಂಚ ನಾಚಿಕೊಂಡವರೂ ಇದ್ದಿರಬೇಕು.

ನಗೆ ನಿಂತುಹೋಗುವ ಜಾಗವೂ ಅವರಿಗೆ ಗೊತ್ತಿತ್ತು. ಜಾತಿಯಿಂದ ಹೊರಹಾಕುವ ಕ್ರೌರ್ಯವನ್ನು ಎದುರಿಗಿಟ್ಟ ಬಹಿಷ್ಕಾರದಲ್ಲಿ, ಮರ್ಯಾದಸ್ಥರ ಸೋಗನ್ನು ಕೆದಕಿದ ಸೂಳೆಯಲ್ಲಿ ಪ್ರೇಕ್ಷಕರ ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಬರೆದಾಗಲಂತೂ ಅವರು ಬೇರೆಯೇ ಮನುಷ್ಯ. ಅಲ್ಲಿ ಏಕಲವ್ಯ, ಕರ್ಣ, ಕೀಚಕರಿಗಾಗಿ ಮರುಗುವ ಗಂಭೀರ ಕವಿಯೊಬ್ಬ ಕಾಣಿಸಿಕೊಳ್ಳುತ್ತಾನೆ. ಹುಟ್ಟಿನ ಕಾರಣಕ್ಕೆ, ಕೀಳೆಂಬ ಹಣೆಪಟ್ಟಿಯ ಕಾರಣಕ್ಕೆ ಸೋತವರ ಪರವಾದ ಅದೇ ಕಳಕಳಿ ಕನ್ನಡದ ಪ್ರಹಸನಗಳ ತಳದಲ್ಲೂ ಹರಿಯುತ್ತಿದೆ. ಊರೆಲ್ಲ ಪೋಲಿ ಎನ್ನುವ ಕಿಟ್ಟಿಯನ್ನು ಆದರಿಸಿದ ಮನಸ್ಸೇ ಏಕಲವ್ಯನನ್ನೂ ಆದರಿಸಿತು.

ಅವರ ಭಾಷೆಯೂ ಆಗ ವಿವಾದದ ವಸ್ತುವಾಗಿತ್ತು. ಕನ್ನಡಕ್ಕೆ ಇಂಗ್ಲಿಷ್ ಬೆರೆಸಿ ಮಾತನಾಡುವ ಪಾತ್ರಗಳನ್ನು ಕಂಡು ಪಂಡಿತರು ಮೂಗು ಮುರಿದರು. ಕನ್ನಡ ಕೆಟ್ಟಿತೆಂದು ಮರುಗಿದರು. ಆದರೆ ಆ ಬೆರಕೆ ಕೈಲಾಸಂ ಸೃಷ್ಟಿಯಾಗಿರಲಿಲ್ಲ. ಬೆಂಗಳೂರು, ಮೈಸೂರುಗಳ ವಿದ್ಯಾವಂತರ ಮನೆಗಳಲ್ಲಿ ಕಿವಿಗೆ ಬಿದ್ದುದನ್ನು ಅವರು ರಂಗದ ಮೇಲೆ ಇಟ್ಟರು, ಅಷ್ಟೆ. ಇಂದು ಬೆಂಗಳೂರಿನ ಯಾವುದೇ ಬಸ್ಸಿನಲ್ಲಿ, ಕಚೇರಿಯಲ್ಲಿ ಕಿವಿಗೊಟ್ಟರೆ ಅವರ ಪಾತ್ರಗಳ ಮೊಮ್ಮಕ್ಕಳ ಮಾತು ಕೇಳಿಸುತ್ತದೆ.

ವ್ಯಕ್ತಿಯಾಗಿ ಕೈಲಾಸಂ ದೋಷಾತೀತರೇನೂ ಆಗಿರಲಿಲ್ಲ. ಮನೆಗಳ ಒಳಗನ್ನು ಅಷ್ಟು ಬಲ್ಲವರು ಸ್ವಂತ ಸಂಸಾರದಿಂದ ದೂರವೇ ಉಳಿದರು. ನೂಕ್ ಎಂದು ಹೆಸರಿಟ್ಟುಕೊಂಡ ಕೋಣೆಯಲ್ಲಿ ಸಿಗರೇಟಿನ ಹೊಗೆ, ಗೆಳೆಯರ ಗುಂಪಿನ ನಡುವೆ ಬದುಕಿದರು. ಕುಡಿತ ದೇಹವನ್ನು ಸವೆಸಿತು. ಕುಳಿತು ಬರೆಯುವ ವ್ಯವಧಾನವಿಲ್ಲದ ಅವರು ಇಡೀ ನಾಟಕವನ್ನು, ಎಲ್ಲ ಪಾತ್ರಗಳ ದನಿಯೊಡನೆ, ಬಾಯಲ್ಲೇ ಹೇಳಿಬಿಡುತ್ತಿದ್ದರು. ಬಿ.ಎಸ್. ರಾಮರಾಯರಂಥ ಆಪ್ತರು ಬರೆದಿಟ್ಟುಕೊಂಡದ್ದು ನಮಗೆ ದಕ್ಕಿತು. ಉಳಿದದ್ದು ಆ ಕೋಣೆಯ ಗಾಳಿಯಲ್ಲೇ ಕರಗಿತು.

ಆದರೂ ಅವರು ಗೇಲಿ ಮಾಡಿದ ಸಮಾಜವೇ 1945ರಲ್ಲಿ ಅವರನ್ನು ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕೂರಿಸಿತು. ಕನ್ನಡ ಕೆಡಿಸಿದರೆಂಬ ಟೀಕೆ ಕೇಳಿದವರಿಗೆ ಕನ್ನಡದ ಅತಿದೊಡ್ಡ ಗೌರವ ಸಂದಿತು. ಮರುವರ್ಷ, 1946ರ ನವೆಂಬರ್ 23ರಂದು ಅವರು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು.

ಆ ದಿನಗಳ ಸಮಾಜ ಇಂದಿನದಕ್ಕಿಂತ ಉದಾರವಾಗಿತ್ತೆಂದು ಹೇಳಲಾಗದು. ಬಹಿಷ್ಕಾರ ಹಾಕುತ್ತಿದ್ದ ಸಮಾಜವೇ ಅದು. ಆದರೆ ತನ್ನನ್ನು ಅಣಕಿಸಿದವರನ್ನು ಕರೆದು ಗೌರವಿಸುವ ತಾಳ್ಮೆ ಅದಕ್ಕಿತ್ತು. ಅದೇ ಬೆಂಗಳೂರಿನಲ್ಲಿ 2021ರ ನವೆಂಬರ್‌ನಲ್ಲಿ ಹಾಸ್ಯ ಕಲಾವಿದರೊಬ್ಬರ ಪ್ರದರ್ಶನ, ಶಾಂತಿ ಕದಡೀತೆಂಬ ಕಾರಣಕ್ಕೆ ರದ್ದಾಯಿತು. ಭಾವನೆಗೆ ಧಕ್ಕೆಯಾಯಿತೆಂಬ ದೂರು ಈಗ ಎಲ್ಲ ಬಣ್ಣದ ರಾಜಕಾರಣಕ್ಕೂ ಒದಗುವ ಆಯುಧ. ಹೀಗಿರುವಾಗ ಯಾರಿಗೂ ತಾಗದ ಚಟಾಕಿಯೇ ಹಾಸ್ಯ ಎನಿಸಿಕೊಂಡರೆ ಆಶ್ಚರ್ಯವಿಲ್ಲ.

ಕೈಲಾಸಂ ಅವರನ್ನೂ ನಾವು ಅಂಥ ಚಟಾಕಿಗೆ ಇಳಿಸಿದ್ದೇವೆ. ಮುಂದಿನ ಬಾರಿ ಅವರ ಜಯಂತಿಯೋ ಪುಣ್ಯತಿಥಿಯೋ ಬಂದಾಗ ನಗೆಹನಿಗಳ ಬದಲು ಬಹಿಷ್ಕಾರವನ್ನು, ತಾಳಿ ಕಟ್ಟೋಕ್ಕೂಲೀನೇ ನಾಟಕವನ್ನು ಕಾಲೇಜುಗಳಲ್ಲಿ, ಮದುವೆ ಛತ್ರಗಳ ಪಕ್ಕದ ರಂಗಮಂದಿರಗಳಲ್ಲಿ ಆಡಿಸಲಿ. ಪ್ರೇಕ್ಷಕರು ಎಲ್ಲಿ ನಗುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂಬುದನ್ನು ನೋಡಿದರೆ ಈ ನೂರು ವರ್ಷಗಳಲ್ಲಿ ನಾವೆಷ್ಟು ಬದಲಾಗಿದ್ದೇವೆ ಎಂಬುದೂ ತಿಳಿದೀತು.