ದೀಕ್ಷೆಗೆ ಮುಂಚಿನ ಶಾಂತಿಸಾಗರರು

ಶ್ರೀ 108 ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರ ನಾಮವನ್ನು ಅರಿಯದ ಜೈನ ಮನೆಯು ನಮ್ಮ ಈ ಕೃಷ್ಣಾ-ವಾರಣಾ ತೀರದ ಹಳ್ಳಿಗಳಲ್ಲಿ ಅತಿ ವಿರಳ. ಆದರೆ ಅವರನ್ನು ಸ್ಮರಿಸುವಾಗ ನಾವು ಪಿಂಛಿ-ಕಮಂಡಲುಗಳನ್ನು ಧರಿಸಿದ ಮುನಿಗಳನ್ನೇ ಕಣ್ಣೆದುರಿಗೆ ತಂದುಕೊಳ್ಳುತ್ತೇವೆ. ಆ ಪಿಂಛಿಯು ಕೈಗೆ ಬರುವ ಪೂರ್ವದಲ್ಲಿ ಅವರು ಗೃಹಸ್ಥರ ನಡುವೆ ಕಳೆದ 42 ವರ್ಷಗಳು ನಮ್ಮ ನೆನಪಿಗೆ ಬರುವುದೇ ಇಲ್ಲ. ಜೀರ್ಣೋದ್ಧಾರದ ಈ ಸ್ಮರಣಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂದು ಹಿರಿಯರು ಅಪ್ಪಣೆ ಮಾಡಿದಾಗ ಆ ವರ್ಷಗಳನ್ನು ಕುರಿತೇ ಬರೆಯಬೇಕೆಂದು ನನಗೆ ತೋರಿತು.

ಅವರ ಜನನವು 1872ರಲ್ಲಿ ಯಳಗೂಡದಲ್ಲಿ, ತಾಯಿಯ ತವರಿನಲ್ಲಿ ಆಯಿತು. ಬೆಳೆದದ್ದು ದೂಧಗಂಗಾ-ವೇದಗಂಗಾ ನದಿಗಳ ಸಂಗಮದ ಬಳಿಯ ಬೆಳಗಾವಿ ಜಿಲ್ಲೆಯ ಭೋಜದಲ್ಲಿ. ತಂದೆ ಭೀಮಗೌಡ ಪಾಟೀಲರು, ತಾಯಿ ಸತ್ಯವತಿ. ಮಗನ ಹೆಸರು ಸಾತಗೌಡ. ಮನೆಯ ಮಾತು ಕನ್ನಡ. ಶಾಲೆಯ ವಿದ್ಯೆ ಅಲ್ಪವೇ ಆಗಿದ್ದಿತು. ಆ ಕಾಲದ ರೂಢಿಯಂತೆ ಒಂಬತ್ತನೆಯ ವಯಸ್ಸಿಗೇ ಲಗ್ನವಾಯಿತು. ಕೆಲವೇ ತಿಂಗಳುಗಳಲ್ಲಿ ಆ ಬಾಲವಧುವು ತೀರಿಕೊಂಡಳು. ಮುಂದೆ ಪ್ರಾಯಕ್ಕೆ ಬಂದಾಗ ಮನೆಯವರು ಮತ್ತೊಂದು ಲಗ್ನಕ್ಕೆ ಒತ್ತಾಯಿಸಿದರೂ ಅವರು ಒಪ್ಪಲಿಲ್ಲ. ಮುನಿಯಾಗಬೇಕೆಂಬ ಹಂಬಲವು ಆಗಲೇ ಹುಟ್ಟಿದ್ದಿತು. ಆದರೆ ತಾನು ಬದುಕಿರುವವರೆಗೆ ಮನೆಯನ್ನು ಬಿಡಬಾರದೆಂಬುದು ತಂದೆಯ ಇಚ್ಛೆ. ಸಾತಗೌಡರು ಅದಕ್ಕೆ ತಲೆಬಾಗಿದರು.

ಬಿಡಬೇಕೆಂದ ಮನೆಯಲ್ಲಿಯೇ ವರುಷಗಟ್ಟಲೆ ಉಳಿದುಕೊಂಡವನ ಮನಸ್ಸು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತದೆ: ಒಂದೋ ಕಹಿಯಾಗುತ್ತದೆ, ಇಲ್ಲವೇ ಸುಖಕ್ಕೆ ಒಗ್ಗಿಕೊಂಡು ಹಂಬಲವನ್ನೇ ಮರೆಯುತ್ತದೆ. ಸಾತಗೌಡರಿಗೆ ಇವೆರಡೂ ಆಗಲಿಲ್ಲ. ಮನೆಯವರ ಅರಿವೆಯ ಅಂಗಡಿ ಇದ್ದಿತು. ವ್ಯಾಪಾರವನ್ನು ನೋಡುತ್ತಿದ್ದವರು ತಮ್ಮನಾದ ಕುಮಗೌಡರು. ತಮ್ಮನಿಲ್ಲದಾಗ ಗಿರಾಕಿಗಳು ಬಂದರೆ, ಬೇಕಾದ ಅರಿವೆಯನ್ನು ತಾವೇ ಅಳೆದುಕೊಂಡು ಹಣವನ್ನಿಟ್ಟು ಹೋಗಲು, ಉದ್ದರಿಯಾದರೆ ವಹಿಯಲ್ಲಿ ತಾವೇ ಬರೆದಿಡಲು ಸಾತಗೌಡರು ಹೇಳುತ್ತಿದ್ದರೆಂದು ಅವರ ಚರಿತ್ರೆಯನ್ನು ಬಲ್ಲವರು ಹೇಳುತ್ತಾರೆ. ಜೀವಮಾನವೆಲ್ಲ ಊರ ಲೆಕ್ಕ ಬರೆದ ನನಗೆ ಈ ಸಂಗತಿಯನ್ನು ಕೇಳಿದಾಗ ಮೊದಲು ಗಾಬರಿಯೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ ವಿಚಾರ ಮಾಡಲಾಗಿ, ಪರಿಗ್ರಹವನ್ನು ಬಿಡುವ ಅಭ್ಯಾಸವನ್ನು ಅವರು ಅಂಗಡಿಯ ಗಾದಿಯ ಮೇಲೆ ಕುಳಿತೇ ಮಾಡುತ್ತಿದ್ದರೆಂದು ತಿಳಿಯಿತು.

ಆಹಾರದ ವಿಷಯದಲ್ಲಿಯೂ ಹಾಗೆಯೇ. 32ನೆಯ ವಯಸ್ಸಿನಲ್ಲಿ ಸಮ್ಮೇದ ಶಿಖರಜಿಯ ಯಾತ್ರೆಗೆ ಹೋದಾಗ ತುಪ್ಪ-ಎಣ್ಣೆಗಳನ್ನು ಆಜೀವ ತ್ಯಜಿಸಿದರು. ಮರಳಿದ ಮೇಲೆ ಒಪ್ಪೊತ್ತಿನ ಊಟ. ಊರಿಗೆ ಮುನಿಗಳು ಬಂದರೆ ತುಂಬಿದ ಹೊಳೆಯನ್ನು ಹೆಗಲ ಮೇಲೆ ಹೊತ್ತು ದಾಟಿಸುತ್ತಿದ್ದರು. ತಂದೆತಾಯಿಗಳ ಸೇವೆಯನ್ನು ಅವರ ಅಂತ್ಯದವರೆಗೆ ಮಾಡಿ, ಆ ಋಣವು ತೀರಿದ ಮೇಲೆಯೇ ಹೊರಟರು. 1914ರಲ್ಲಿ, ಗಡಹಿಂಗ್ಲಜದ ಕಡೆಗಿರುವ ಉತ್ತೂರಿನಲ್ಲಿ, ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆಯಾಯಿತು.

ಪೂರ್ವದ ಸಿದ್ಧತೆಯು ಕೆಲಸಕ್ಕೆ ಬಂದುದು ಇಲ್ಲಿಯೇ. ಆ ದಿನಗಳಲ್ಲಿ ನಮ್ಮ ಪ್ರಾಂತ್ಯದಲ್ಲಿ ತ್ಯಾಗಿಗಳ ಆಚಾರವು ಸಡಿಲವಾಗಿದ್ದಿತು. ಯಾರ ಮನೆಯಲ್ಲಿ ಆಹಾರವೆಂಬುದನ್ನು ಉಪಾಧ್ಯೆಯವರು ಮೊದಲೇ ಗೊತ್ತುಮಾಡುವುದು, ತ್ಯಾಗಿಗಳು ಕರೆದಲ್ಲಿಗೆ ಹೋಗುವುದು ವಾಡಿಕೆ. ಶಾಸ್ತ್ರಕ್ಕೆ ಅದು ಸಲ್ಲದೆಂದು ಹೊಸ ಕ್ಷುಲ್ಲಕರು ಆಮಂತ್ರಣವನ್ನು ನಿರಾಕರಿಸಿ, ವಿಧಿಯಂತೆ ಬೀದಿಯಲ್ಲಿ ಹೊರಟರು. ಆದರೆ ಬಾಗಿಲಲ್ಲಿ ನಿಂತು ತ್ಯಾಗಿಗಳನ್ನು ಬರಮಾಡಿಕೊಳ್ಳುವ ಕ್ರಮವನ್ನೇ ಶ್ರಾವಕರು ಮರೆತಿದ್ದರು. ಯಾರೂ ಪ್ರತಿಗ್ರಹಣ ಮಾಡಲಿಲ್ಲ. ಬರಿ ಹೊಟ್ಟೆಯಲ್ಲಿ ಬಸದಿಗೆ ಮರಳಿದರು. ಮರುದಿನವೂ ಹಾಗೆಯೇ. ಕ್ರಮವನ್ನು ಶ್ರಾವಕರು ಕಲಿಯುವವರೆಗೆ ಇಂಥ ಉಪವಾಸದ ದಿನಗಳು ಹಲವು ಬಂದವು. ಅವರು ಕೋಪಿಸಿಕೊಳ್ಳಲಿಲ್ಲ, ಆಮಂತ್ರಣಕ್ಕೂ ಒಪ್ಪಲಿಲ್ಲ. ಮನೆಯಲ್ಲಿ ಎರಡು ಹೊತ್ತು ತುಪ್ಪದನ್ನ ಉಂಡು ಏಕಾಏಕಿ ಬಂದವನಿಗೆ ಇದು ಸಾಧ್ಯವಾಗುತ್ತಿತ್ತೇ? ಮಾರ್ಚಿ ಬಂದಾಗ ಮಾತ್ರ ವಹಿಯನ್ನು ತೆರೆಯುವವನ ಲೆಕ್ಕವು ಎಂದೂ ತಾಳೆ ಬೀಳುವುದಿಲ್ಲ. ಇದು ನನ್ನ ಉದ್ಯೋಗದ ಅನುಭವ.

ಬಳಿಕ ಗಿರನಾರಿನಲ್ಲಿ ನೇಮಿನಾಥ ಭಗವಂತರ ಸನ್ನಿಧಿಯಲ್ಲಿ ಐಲಕರಾದರು; ಅಲ್ಲಿಂದ ಮರಳಿದ ಮೇಲೆ ವಾಹನವನ್ನು ಬಿಟ್ಟರು. 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆ. 1924ರಲ್ಲಿ ಆಚಾರ್ಯಪದವು ಲಭಿಸಿದುದು, ವಾರಣೆಯ ಆಚೆಗೆ ನಮ್ಮ ದಾನೋಳಿಯವರಿಗೆ ನೆರೆಯೂರೇ ಆದ ಸಮಡೋಳಿಯಲ್ಲಿ. 1927ರಲ್ಲಿ ಕುಂಭೋಜದ ಬಾಹುಬಲಿಯಿಂದ ಸಂಘಸಹಿತರಾಗಿ ಕಾಲ್ನಡಿಗೆಯಲ್ಲಿ ಶಿಖರಜಿಗೆ ಹೊರಟು ಮರುವರ್ಷ ತಲುಪಿದರು. ಉತ್ತರದೇಶದ ವಿಹಾರ, ಧವಲಾದಿ ಸಿದ್ಧಾಂತಗ್ರಂಥಗಳನ್ನು ತಾಮ್ರಪಟಗಳ ಮೇಲೆ ಕೆತ್ತಿಸಿ ರಕ್ಷಿಸಿದುದು ಇತ್ಯಾದಿಗಳನ್ನು ವಾಚಕರು ಬಲ್ಲರು, ಇಲ್ಲಿ ವಿಸ್ತರಿಸುವುದಿಲ್ಲ.

ಸಲ್ಲೇಖನೆಗೆ ಹನ್ನೆರಡು ವರ್ಷಗಳವರೆಗಿನ ಸಿದ್ಧತೆಯನ್ನು ಭಗವತೀ ಆರಾಧನೆಯು ವಿಧಿಸುತ್ತದೆ. ನಮ್ಮ ಕನ್ನಡದ ವಡ್ಡಾರಾಧನೆಯ ಕಥೆಗಳಿಗೆ ಮೂಲದಲ್ಲಿರುವುದು ಆ ಗ್ರಂಥದ ಪರಂಪರೆಯೇ. ವೃದ್ಧಾಪ್ಯದಲ್ಲಿ ಆಚಾರ್ಯರ ಕಣ್ಣು ಮಂದವಾಯಿತು. ನೆಲದ ಮೇಲಿನ ಜೀವವನ್ನು ಕಂಡು ಹೆಜ್ಜೆಯಿಡಲಾಗದ ಮುನಿಗೆ ಅಹಿಂಸಾವ್ರತದ ಪಾಲನೆಯು ಕಠಿಣ. 1955ರ ಆಗಸ್ಟಿನಲ್ಲಿ ಕುಂಥಲಗಿರಿಯಲ್ಲಿ ಅಂತಿಮ ವ್ರತವನ್ನು ಕೈಕೊಂಡರು. ಆಚಾರ್ಯಪದವನ್ನು ದೂರದ ಜಯಪುರದಲ್ಲಿದ್ದ ಶಿಷ್ಯ ವೀರಸಾಗರರಿಗೆ ವಹಿಸಿ, ಆ ಸಂದೇಶವನ್ನು ಕಳುಹಿಸಿಕೊಟ್ಟರು. ಸೆಪ್ಟೆಂಬರ 8ರಂದು, ಉಪವಾಸದ 26ನೆಯ ದಿನ, ನೆರೆದ ಜನಕ್ಕೆ ಕೊನೆಯ ಉಪದೇಶವನ್ನು ಕೊಟ್ಟರು. ತಾಯ್ನುಡಿ ಕನ್ನಡವಾಗಿದ್ದರೂ, ಕೇಳಲು ಕುಳಿತವರ ಮಾತಾದ ಮರಾಠಿಯಲ್ಲಿಯೇ ಆಡಿದರು. ಧ್ವನಿಮುದ್ರಣವಾದ ಆ ಉಪದೇಶವು ಇಂದಿಗೂ ಉಳಿದಿದೆ. ಸೆಪ್ಟೆಂಬರ 18ರಂದು, 36ನೆಯ ದಿನ, ಅವರು ಸಮಾಧಿಸ್ಥರಾದರು.