ಮಹಾವೀರಾಚಾರ್ಯರೂ ನಮ್ಮ ಮಕ್ಕಳ ಹೆಚ್ಚು-ಕಡಿಮೆ ಲೆಕ್ಕವೂ

ಪ್ರಾಥಮಿಕ ಶಾಲೆಗಳ ಅಂಕಗಣಿತದಲ್ಲಿ ಹೆಚ್ಚು-ಕಡಿಮೆಯ ಲೆಕ್ಕವೆಂಬುದೊಂದುಂಟು. ತಲೆಗೆ ಇಷ್ಟರಂತೆ ಹಂಚಿದರೆ ಇಷ್ಟು ಮಿಗುತ್ತದೆ, ಅದಕ್ಕಿಂತ ಒಂದನ್ನು ಹೆಚ್ಚಿಗೆ ಕೊಟ್ಟರೆ ಇಷ್ಟು ಸಾಲದೆ ಬರುತ್ತದೆ. ಹಾಗಾದರೆ ಮಂದಿ ಎಷ್ಟು, ಪದಾರ್ಥವೆಷ್ಟು ಎಂಬುದೇ ಅದರ ಸ್ವರೂಪ. ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಕ್ರಮಗಳನ್ನು ತಪ್ಪಿಲ್ಲದೆ ಕಲಿತ ಬಾಲಕರೂ ಈ ಲೆಕ್ಕದ ಮುಂದೆ ಬಂದೊಡನೆ ಕೈಕಟ್ಟಿ ಕುಳಿತುಬಿಡುವರೆಂಬ ದೂರನ್ನು ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ಗೃಹಸ್ಥರಿಂದ ನಾವು ಕೇಳುತ್ತಲೇ ಇರುತ್ತೇವೆ. ಲೆಕ್ಕವು ಪರದೇಶದಿಂದ ಬಂದ ವಿದ್ಯೆಯೆಂದೂ, ನಮ್ಮ ಸೀಮೆಯ ಮಕ್ಕಳ ತಲೆಗೆ ಅದು ಹತ್ತುವುದಲ್ಲವೆಂದೂ ಕೆಲವರು ಇದಕ್ಕೆ ಸಮಾಧಾನ ಹೇಳಿಕೊಳ್ಳುವರು. ಇಂಥವರ ಮುಂದೆ ನಾವು ಇಂದು ಕನ್ನಡ ನಾಡಿನ ಒಬ್ಬ ಗಣಿತಾಚಾರ್ಯರ ಚರಿತ್ರೆಯನ್ನು ಇಡಬೇಕೆಂದಿರುವೆವು.

ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಭೀಮೆಯು ಬಂದು ಕೂಡುವುದು ವಾಚಕರಿಗೆ ವಿದಿತವೇ ಇದೆ. ಆ ಭೀಮೆಗೆ ಸೇರುವ ಕಾಗಿಣಾ ನದಿಯ ದಂಡೆಯ ಮೇಲೆ, ಸೇಡಂ ತಾಲೂಕಿನಲ್ಲಿ, ಮಳಖೇಡವೆಂಬ ಊರಿದೆ. ಅದೇ ಹಿಂದಿನ ಮಾನ್ಯಖೇಟ. ರಾಷ್ಟ್ರಕೂಟ ಚಕ್ರವರ್ತಿಗಳ ರಾಜಧಾನಿ. ಅಲ್ಲಿಂದ ಅಮೋಘವರ್ಷ ನೃಪತುಂಗನು ಕ್ರಿ. ಶ. ೮೧೪ರಿಂದ ೮೭೮ರವರೆಗೆ, ಅರುವತ್ತಕ್ಕೂ ಹೆಚ್ಚು ವರುಷ, ರಾಜ್ಯವನ್ನಾಳಿದನು. ನಮ್ಮ ಈ ದೋಆಬು ಪ್ರಾಂತವೂ ಅವನ ಆಳ್ವಿಕೆಗೇ ಒಳಪಟ್ಟಿದ್ದಿತು. ಕನ್ನಡದಲ್ಲಿ ನಮಗೆ ದೊರೆತಿರುವ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗವು ಹುಟ್ಟಿದುದು ಅವನ ಆಸ್ಥಾನದಲ್ಲಿ. ಆದಿಪುರಾಣವನ್ನು ಸಂಸ್ಕೃತದಲ್ಲಿ ರಚಿಸಿದ ಜಿನಸೇನಾಚಾರ್ಯರು ಅವನಿಗೆ ಗುರುಗಳು. ವೈಯಾಕರಣನಾದ ಶಾಕಟಾಯನನು ತನ್ನ ವೃತ್ತಿಗೆ ಅರಸನ ಹೆಸರನ್ನೇ ಇಟ್ಟನು. ಕಾವ್ಯಕ್ಕೆ, ಧರ್ಮಕ್ಕೆ, ವ್ಯಾಕರಣಕ್ಕೆ ಹೀಗೆ ಒಬ್ಬೊಬ್ಬರು ಆಚಾರ್ಯರನ್ನು ಪಡೆದ ಆ ಕಾಲವು ಲೆಕ್ಕಕ್ಕೆ ಪಡೆದವರು ಮಹಾವೀರಾಚಾರ್ಯರು.

ಆಚಾರ್ಯರು ದಿಗಂಬರ ಜೈನರು. ತಮ್ಮ ತಂದೆತಾಯಿಗಳ ಹೆಸರನ್ನಾಗಲಿ, ಹುಟ್ಟಿದ ಊರನ್ನಾಗಲಿ ಅವರು ಬರೆದಿಡಲಿಲ್ಲ. ಗ್ರಂಥಾರಂಭದಲ್ಲಿ ತಮ್ಮ ಹೆಸರಿನವರೇ ಆದ ತೀರ್ಥಂಕರರಿಗೆ ವಂದಿಸಿ, ನೃಪತುಂಗನ ಆಳ್ವಿಕೆಯನ್ನು ಕೊಂಡಾಡಿ, ಕೂಡಲೆ ಲೆಕ್ಕಕ್ಕೆ ಇಳಿದುಬಿಡುವರು. ಅರಸನ ಈ ಸ್ತುತಿಯಿಂದಲೇ ಅವರ ಕಾಲವು ಸುಮಾರು ೮೫೦ ಎಂದು ವಿದ್ವಾಂಸರು ನಿರ್ಣಯಿಸಿರುವರು. ಆದಕಾರಣ ಅವರ ಜೀವಿತವನ್ನು ಅರಿಯಬೇಕಾದವನು ಅವರ ಗಣಿತಸಾರಸಂಗ್ರಹವನ್ನೇ ತೆರೆಯಬೇಕು. ಸಂಸ್ಕೃತದಲ್ಲಿ ಸಾವಿರದ ನೂರಕ್ಕೂ ಮೇಲ್ಪಟ್ಟ ಶ್ಲೋಕಗಳುಳ್ಳ ಗ್ರಂಥವದು.

ಆ ಕಾಲಕ್ಕೆ ಗಣಿತವೆಂದರೆ ಬಹುಮಟ್ಟಿಗೆ ಜ್ಯೋತಿಷ್ಯದ ಕಿಂಕರ. ಗ್ರಹಗತಿಯನ್ನು ಹೇಳುವ ಸಿದ್ಧಾಂತಗ್ರಂಥಗಳ ನಡುವೆ ಅದಕ್ಕೆ ಒಂದೆರಡು ಅಧ್ಯಾಯಗಳನ್ನು ಕೊಡುವುದು ರೂಢಿಯಾಗಿದ್ದಿತು. ಆಚಾರ್ಯರು ಆಕಾಶವನ್ನು ಬಿಟ್ಟು ಅಂಗಡಿಯ ಕಡೆಗೆ ತಿರುಗಿದರು. ಧಾನ್ಯ, ಚಿನ್ನ, ಬೆಳ್ಳಿ, ಲೋಹ ಇವುಗಳ ಅಳತೆ ತೂಕಗಳನ್ನು ಮೊದಲು ಹೇಳಿ, ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳ ಹೆಸರುಗಳನ್ನು ಕೊಟ್ಟು, ಆಮೇಲೆ ಪರಿಕರ್ಮ, ಭಿನ್ನರಾಶಿ, ತ್ರೈರಾಶಿಕ, ಮಿಶ್ರಕ, ಕ್ಷೇತ್ರ, ಅಗೆತ, ನೆರಳು ಎಂಬ ವಿಷಯಗಳನ್ನು ಒಂದಾದ ಮೇಲೊಂದರಂತೆ ಬೋಧಿಸಿದರು. ವೈದ್ಯ, ವಾಸ್ತು, ಸಂಗೀತ, ಛಂದಸ್ಸು, ಅಡಿಗೆ ಮೊದಲಾದುವುಗಳಿಗೆಲ್ಲ ಲೆಕ್ಕವು ಬೇಕೆಂಬುದು ಅವರ ಅಭಿಪ್ರಾಯ. ಅಡಿಗೆಯನ್ನು ಮರೆಯದ ಗಣಿತಜ್ಞನ ಮೇಲೆ ನಮಗೆ ವಿಶೇಷ ಗೌರವವುಂಟು.

ಅವರ ಉದಾಹರಣೆಗಳಲ್ಲಿ ಹಣ್ಣುಗಳಿವೆ, ದಾರಿಕಾರರಿರುವರು, ಹರಿದುಬಿದ್ದ ಮುತ್ತಿನ ಹಾರವಿದೆ. ಒಂದನ್ನು ಹೇಳುವೆವು. ಒಂಬತ್ತು ಮಾದಲದ ಹಣ್ಣುಗಳಿಗೂ ಏಳು ಬೇಲದ ಹಣ್ಣುಗಳಿಗೂ ಕೂಡಿ ಬೆಲೆ ೧೦೭. ಏಳು ಮಾದಲಕ್ಕೂ ಒಂಬತ್ತು ಬೇಲಕ್ಕೂ ೧೦೧. ಒಂದೊಂದರ ಬೆಲೆಯೇನು? ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದ ಗುಣಿಸು, ಸಣ್ಣದನ್ನು ಸಣ್ಣದರಿಂದ ಗುಣಿಸಿ ಅದರಲ್ಲಿ ಕಳೆ, ಸಂಖ್ಯೆಗಳ ವರ್ಗಗಳ ಅಂತರದಿಂದ ಭಾಗಿಸು ಎಂಬುದು ಆಚಾರ್ಯರ ಕ್ರಮದ ತಾತ್ಪರ್ಯ. ೯೬೩ರಲ್ಲಿ ೭೦೭ ಹೋದರೆ ೨೫೬; ೮೧ರಲ್ಲಿ ೪೯ ಹೋದರೆ ೩೨; ಭಾಗಿಸಿದರೆ ಮಾದಲಕ್ಕೆ ೮, ಅದರಿಂದ ಬೇಲಕ್ಕೆ ೫. ಸೂತ್ರವರಿಯದ ಹುಡುಗನೂ ಇದನ್ನು ಬಾಯಿಲೆಕ್ಕದಿಂದ ಮಾಡಬಲ್ಲನು. ಎರಡು ವ್ಯಾಪಾರಗಳನ್ನು ಕೂಡಿಸಿದರೆ ಹದಿನಾರು ಜೊತೆಗಳಿಗೆ ೨೦೮, ಅಂದರೆ ಜೊತೆಗೆ ೧೩. ಎರಡಕ್ಕೂ ಇರುವ ಅಂತರ ೬. ಅದು ಎರಡು ಬೇಲಗಳ ಬದಲು ಎರಡು ಮಾದಲಗಳನ್ನು ಕೊಂಡುದರಿಂದ ಬಂದದ್ದು, ಆದಕಾರಣ ಒಂದಕ್ಕೆ ೩. ಕೂಡಿದರೆ ೧೩, ಕಳೆದರೆ ೩ ಆಗುವ ಬೆಲೆಗಳು ಎಂಟು ಮತ್ತು ಐದು. ಈ ಅಂತರವನ್ನು ಹಿಡಿಯುವ ಬುದ್ಧಿಯೇ ಹೆಚ್ಚು-ಕಡಿಮೆ ಲೆಕ್ಕಕ್ಕೂ ಬೇಕಾದುದು.

ಮಿಗುವ ಲೆಕ್ಕವನ್ನೂ ಅವರು ಬಿಟ್ಟಿಲ್ಲ. ಸಮನಾದ ೬೩ ಬಾಳೆಹಣ್ಣಿನ ರಾಶಿಗಳಿದ್ದವು, ಬಿಡಿಯಾಗಿ ೭ ಹಣ್ಣುಗಳೂ ಇದ್ದವು, ೨೩ ಮಂದಿ ದಾರಿಕಾರರು ಎಲ್ಲವನ್ನೂ ಶೇಷವಿಲ್ಲದೆ ಸಮನಾಗಿ ಹಂಚಿಕೊಂಡರು, ರಾಶಿಯೊಂದರಲ್ಲಿ ಹಣ್ಣುಗಳೆಷ್ಟು? ರಾಶಿಗೆ ೫ ಎಂದಿಟ್ಟುಕೊಂಡರೆ ಮೊತ್ತ ೩೨೨, ತಲೆಗೆ ೧೪. ಕುಟ್ಟೀಕಾರವೆಂದು ಹೆಸರಾದ ಈ ಭಾಗದಲ್ಲಿ ಕೂಡಬೇಕಾದ ಅಧಿಕವೂ ಕಳೆಯಬೇಕಾದ ಊನವೂ ಜೊತೆಜೊತೆಯಾಗಿಯೇ ಬರುವುವು.

ಗ್ರಂಥದ ಆದಿಯಲ್ಲಿ ಧನ ಋಣಗಳ ನಿಯಮಗಳಿವೆ. ಕಳೆಯಬೇಕಾದ ಋಣವು ಧನವಾಗುವುದೆಂಬುದು ಅವುಗಳಲ್ಲೊಂದು. ೬೨೮ರಲ್ಲೇ ಬ್ರಹ್ಮಗುಪ್ತನು ಈ ನಿಯಮಗಳನ್ನು ಹೇಳಿದ್ದನೆಂಬುದನ್ನು ನಾವು ಮರೆಮಾಚುವುದಿಲ್ಲ. ನಾಡಿನ ಅಭಿಮಾನಕ್ಕಾಗಿ ಮತ್ತೊಬ್ಬರ ಸೊತ್ತನ್ನು ನಮ್ಮದೆನ್ನಬೇಕಾದ ಬಡತನವು ಕನ್ನಡಿಗರಿಗೆ ಬಂದಿಲ್ಲ. ಆಚಾರ್ಯರು ಒಂದು ಕಡೆ ಎಡವಿಯೂ ಇರುವರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಬದಲಾಗದೆ ಉಳಿಯುವುದೆಂದು ಅವರು ಹೇಳಿದುದು ತಪ್ಪು. ಆದರೆ ಋಣಸಂಖ್ಯೆಗೆ ವರ್ಗಮೂಲವಿಲ್ಲ, ಏಕೆಂದರೆ ಅದು ಸ್ವಭಾವತಃ ವರ್ಗವಲ್ಲ ಎಂದು ಅಷ್ಟು ಸ್ಪಷ್ಟವಾಗಿ ಕಂಡುಹೇಳಿದವರಲ್ಲಿ ಅವರೇ ಅಗ್ರಗಣ್ಯರು.

ಪ್ರಕೃತ ಲೆಕ್ಕಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟವರು ಚೀನದವರು. ಹಾನ್ ವಂಶದ ಅರಸರ ಕಾಲದಲ್ಲಿ ರೂಪುಗೊಂಡು, ೨೬೩ರಲ್ಲಿ ಲ್ಯೂ ಹುಯಿ ಎಂಬ ಪಂಡಿತನಿಂದ ವ್ಯಾಖ್ಯಾನಗೊಂಡ ಒಂಬತ್ತು ಅಧ್ಯಾಯಗಳ ಅವರ ಗಣಿತಗ್ರಂಥದಲ್ಲಿ ಏಳನೆಯದು ಈ ವಿಷಯಕ್ಕೇ ಸಂದಿದೆ. ಕೆಲವರು ಕೂಡಿ ಒಂದು ವಸ್ತುವನ್ನು ಕೊಳ್ಳುವರು. ತಲೆಗೆ ೮ರಂತೆ ಹಾಕಿದರೆ ೩ ಮಿಗುವುದು, ೭ರಂತೆ ಹಾಕಿದರೆ ೪ ಸಾಲದು. ಮಂದಿ ಏಳು, ಬೆಲೆ ೫೩. ಅರಬ್ಬೀ ಗಣಿತಜ್ಞರೂ ಇಂಥ ಕ್ರಮವನ್ನು ಬಳಸಿದರು; ಅವರಿಂದ ಕಲಿತು ಇಟಲಿಯ ಫಿಬೊನಾಚ್ಚಿಯು ೧೨೦೨ರ ತನ್ನ ಗ್ರಂಥದಲ್ಲಿ ಅದನ್ನು ಯೂರೋಪಿಗೆ ತಿಳಿಸಿದನು. ಚೀನದವರಂತೆ ಮಹಾವೀರಾಚಾರ್ಯರು ಇದಕ್ಕೆ ಬೇರೆ ಅಧ್ಯಾಯವನ್ನು ಕೊಡಲಿಲ್ಲ. ಆದರೆ ಈ ಲೆಕ್ಕದ ಗುಟ್ಟನ್ನು ಬಿಡಿಸುವ ಕೀಲಿಕೈ ಅವರು ಬೋಧಿಸಿದ ಧನಋಣ ನಿಯಮದಲ್ಲಿಯೇ ಇದೆ.

ಮಾನ್ವಿಯ ಒಂದು ಶಾಲೆಯಲ್ಲಿ ಮಕ್ಕಳಿಗೆ ನೋಟುಪುಸ್ತಕಗಳನ್ನು ಹಂಚುವರೆಂದು ಭಾವಿಸೋಣ. ತಲೆಗೆ ೪ರಂತೆ ಕೊಟ್ಟರೆ ೧೨ ಮಿಗುವುವು; ೫ರಂತೆ ಕೊಟ್ಟರೆ ೮ ಸಾಲವು. ಮೊದಲ ಹಂಚಿಕೆಯಿಂದ ಎರಡನೆಯದಕ್ಕೆ ಹೋಗಬೇಕಾದರೆ ಪ್ರತಿ ಮಗುವಿಗೂ ಒಂದೊಂದು ಹೆಚ್ಚಿಗೆ ಬೇಕು. ಕೈಯಲ್ಲಿದ್ದ ೧೨ ಅದಕ್ಕೆ ಖರ್ಚಾದುವು, ಮೇಲೆ ೮ ಸಾಲ ಬಿದ್ದುವು. ಒಟ್ಟು ೨೦ ಪುಸ್ತಕಗಳು ಒಂದೊಂದರಂತೆ ಸಂದುದರಿಂದ ಮಕ್ಕಳು ೨೦, ಪುಸ್ತಕಗಳು ೯೨. ಹನ್ನೆರಡು ಧನ, ಎಂಟು ಋಣ. ಧನದಿಂದ ಋಣವನ್ನು ಕಳೆಯುವಾಗ ಕೂಡಬೇಕೆಂಬ ನಿಯಮವು ಇಲ್ಲಿ ಕಣ್ಣಿಗೆ ಕಾಣುವುದು. ಅದೇ ಮಕ್ಕಳಿಗೆ ೩ರಂತೆ ಕೊಟ್ಟಿದ್ದರೆ ೩೨ ಮಿಗುತ್ತಿದ್ದುವು. ೩೨ರಲ್ಲಿ ೧೨ ಹೋದರೂ ೨೦ ಮಕ್ಕಳೇ. ೬ರಂತೆ ಕೊಡಹೋದರೆ ೨೮ ಸಾಲದೆ ಬರುತ್ತಿದ್ದುವು. ೨೮ರಲ್ಲಿ ೮ ಹೋದರೂ ೨೦ ಮಕ್ಕಳೇ. ತರಗತಿಯೊಂದೇ, ಪುಸ್ತಕಗಳ ಕಟ್ಟೊಂದೇ. ನೋಡುವ ಕಡೆ ಮಾತ್ರ ಬೇರೆ.

ನಮ್ಮ ಬಾಲ್ಯದಲ್ಲಿ ನಮಗೆ ಇದನ್ನು ಹೀಗೆ ಯಾರೂ ತೋರಿಸಲಿಲ್ಲ. ಒಂದು ಹೆಚ್ಚು ಒಂದು ಕಡಿಮೆಯಾದರೆ ಕೂಡು, ಎರಡೂ ಹೆಚ್ಚಾದರೆ ಕಳೆ, ಎರಡೂ ಕಡಿಮೆಯಾದರೂ ಕಳೆ ಎಂದು ಮೂರು ಸೂತ್ರಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದರು. ಪರೀಕ್ಷೆಯಲ್ಲಿ ಕೂಡಬೇಕಾದಲ್ಲಿ ಕಳೆದು ಬಂದೆವು. ಬೆತ್ತದ ಪೆಟ್ಟುಗಳ ಲೆಕ್ಕ ಮಾತ್ರ ತಪ್ಪಲಿಲ್ಲ.

ದೇವದುರ್ಗದ ರೈತನ ಮಗನಿಗೆ ಬಂಡಿಯಿಂದಲೇ ಇದನ್ನು ಕಲಿಸಬಹುದು. ಬಂಡಿಗೆ ೯ ಚೀಲಗಳಂತೆ ಹೇರಿದರೆ ೬ ಚೀಲ ಕಣದಲ್ಲಿ ಉಳಿಯುವುವು. ೧೦ರಂತೆ ಹೇರಹೋದರೆ ಕಡೆಯ ಬಂಡಿಗೆ ೨ ಸಾಲವು. ಬಂಡಿ ಎಂಟು, ಚೀಲ ೭೮. ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ತಂದೆಯ ಜೊತೆ ಹತ್ತಿಯ ತೂಕವನ್ನು ನೋಡಿಬಂದ ಹುಡುಗನು ಈ ಲೆಕ್ಕಕ್ಕೆ ಬೆದರುವನೆಂದು ನಾವು ನಂಬಲಾರೆವು. ಅವನು ಬೆದರುವುದು ಲೆಕ್ಕದ ಮಾತಿಗೆ. ಪ್ರಶ್ನೆಯ ವಾಕ್ಯವು ಅವನ ಮನೆಯಲ್ಲಿ ಯಾರೂ ಆಡದ ನುಡಿಯಲ್ಲಿ, ಅವನು ಕಾಣದ ಪದಾರ್ಥಗಳ ಮೇಲೆ ಬಂದರೆ, ಹಂಚುವವರು ಯಾರು, ಮಿಕ್ಕುದು ಏನು ಎಂಬುದೇ ಅವನ ಮನಸ್ಸಿನಲ್ಲಿ ಮೂಡುವುದಿಲ್ಲ. ಮೂಡದ ಮೇಲೆ ಕೂಡುವುದೇನು, ಕಳೆಯುವುದೇನು?

ಈ ಸಂಕಟವು ನಮ್ಮ ಜಿಲ್ಲೆಗೆ ಹೊಸದಲ್ಲ. ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮರ ಸಂಸ್ಥಾನದಲ್ಲಿದ್ದ ಈ ಸೀಮೆಯಲ್ಲಿ ಸರ್ಕಾರದ ಭಾಷೆ ಉರ್ದು. ಮೇಲಿನ ತರಗತಿಗಳ ಪಾಠವೂ ಅದರಲ್ಲೇ ನಡೆಯುತ್ತಿದ್ದಿತು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಸ್ಥಾಪಿಸಿ ನಮ್ಮ ಬಾಲಕರಿಗೆ ದಾರಿ ತೋರಿಸಿದರು. ತನ್ನ ನುಡಿಯಲ್ಲಿ ಲೆಕ್ಕ ಬಾರದ ರೈತನು ಸಾಹುಕಾರನ ವಹಿಯಲ್ಲಿ ಹೆಬ್ಬೆಟ್ಟೊತ್ತುವಾಗ ಅಸಲೆಷ್ಟು, ಬಡ್ಡಿಯೆಷ್ಟು ಎಂದು ಕೇಳಲಾರದೆ ಹೋದ ದಿನಗಳನ್ನು ಹಿರಿಯರು ಬಲ್ಲರು. ೧೯೫೬ರಲ್ಲಿ ನಾಡು ಒಂದಾಯಿತು. ತುಂಗಭದ್ರೆಯ ಕಾಲುವೆಯಿಂದ ಮಾನ್ವಿಯಲ್ಲಿ ಭತ್ತ ಬೆಳೆಯಿತು. ಆದರೂ ಕಾಲುವೆಯ ನೀರು ಮುಟ್ಟದ ಊರುಗಳಿಂದ ಕೂಲಿಗಾಗಿ ಗುಳೆ ಹೋಗುವ ಸಂಸಾರಗಳು ಇಂದಿಗೂ ಉಂಟು. ಅವರೊಡನೆ ಹೊರಟ ಮಗು ಕೆಲವು ತಿಂಗಳ ಮೇಲೆ ಮರಳಿ ತರಗತಿಯಲ್ಲಿ ಕುಳಿತಾಗ ಪಾಠವು ಎರಡು ಅಧ್ಯಾಯ ಮುಂದೆ ಹೋಗಿರುತ್ತದೆ. ಸೂತ್ರವನ್ನು ಬಾಯಿಪಾಠ ಮಾಡಿದ ಮಗುವಿಗೆ ಆಗ ಏನೂ ಉಳಿದಿರುವುದಿಲ್ಲ. ಬಂಡಿ ಚೀಲಗಳನ್ನು ಮನಸ್ಸಿನಲ್ಲಿ ಕಂಡ ಮಗುವು ಬಿಟ್ಟ ಎಳೆಯನ್ನು ಪುನಃ ಹಿಡಿಯಬಲ್ಲುದು. ಕಲಿಸುವ ಕ್ರಮದ ಮಾತನ್ನು ನಾವು ಇಷ್ಟು ಬೆಳೆಸಿದುದಕ್ಕೆ ಇದೇ ಕಾರಣ.

ಆಚಾರ್ಯರ ಗ್ರಂಥದ ಮುಂದಿನ ಚರಿತ್ರೆಯು ಸ್ವಲ್ಪದಲ್ಲಿ ಮುಗಿಯುವುದು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತ ಮೊದಲಾದ ಗ್ರಂಥಗಳನ್ನು ಬರೆದು ಕನ್ನಡದಲ್ಲಿಯೇ ಲೆಕ್ಕವನ್ನು ಹೇಳಿದನು. ಆಮೇಲೆ ಬಹುಕಾಲ ಓಲೆಗರಿಗಳಲ್ಲಿದ್ದ ಗಣಿತಸಾರಸಂಗ್ರಹವನ್ನು ಎಂ. ರಂಗಾಚಾರ್ಯರು ಪರಿಷ್ಕರಿಸಿ, ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಮದರಾಸು ಸರ್ಕಾರದ ಮುದ್ರಣಾಲಯದಿಂದ ಹೊರಡಿಸಿದರು. ಅವರಿಗೆ ದೊರೆತ ಪ್ರತಿಗಳಲ್ಲಿ ಮೈಸೂರಿನದಕ್ಕೆ ಕನ್ನಡ ಟೀಕೆ ಇದ್ದಿತು. ಅಂದರೆ ನಮ್ಮ ಹಿರಿಯರು ಇದನ್ನು ಕನ್ನಡದಲ್ಲಿ ಓದಿ ಪಾಠ ಹೇಳುತ್ತಿದ್ದರು. ೨೦೦೦ದಲ್ಲಿ ಹೊಂಬುಜದ ಜೈನಮಠದ ಗ್ರಂಥಮಾಲೆಯಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದವೂ ಪ್ರಕಟವಾಯಿತು.

ಆ ಅನುವಾದದ ಒಂದೊಂದು ಪ್ರತಿಯನ್ನಾದರೂ ರಾಯಚೂರು, ದೇವದುರ್ಗ, ಮಾನ್ವಿಗಳ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರ ಕೈಗೆ ಸಿಗುವಂತೆ ಮಾಡಬೇಕೆಂದು ವಿದ್ಯಾಧಿಕಾರಿಗಳಲ್ಲಿ ವಿಜ್ಞಾಪಿಸುತ್ತೇವೆ. ಅದರೊಳಗಿನ ಹಣ್ಣು ಮುತ್ತುಗಳ ಜಾಗದಲ್ಲಿ ತೊಗರಿ, ಹತ್ತಿ, ಭತ್ತಗಳನ್ನಿಟ್ಟು ನೂರು ಲೆಕ್ಕಗಳನ್ನು ಕಟ್ಟುವುದು ಸಮರ್ಥರಾದ ನಾಲ್ವರು ಮಾಸ್ತರರಿಗೆ ಒಂದು ಬೇಸಗೆ ರಜೆಯ ಕೆಲಸ. ಮಾದರಿಗೆ ಆಚಾರ್ಯರದೇ ಒಂದನ್ನು ಕೊಡುವೆವು. ಮೂವರು ವರ್ತಕರು ದಾರಿಯಲ್ಲಿ ಹಣದ ಚೀಲವೊಂದನ್ನು ಕಂಡರು. ಅದು ತನಗಾದರೆ ಉಳಿದಿಬ್ಬರ ಒಟ್ಟು ಹಣದ ಇಮ್ಮಡಿ ತನ್ನಲ್ಲಿರುವುದೆಂದು ಮೊದಲನೆಯವನು, ಮುಮ್ಮಡಿಯೆಂದು ಎರಡನೆಯವನು, ಐದು ಮಡಿಯೆಂದು ಮೂರನೆಯವನು ಹೇಳಿದರು. ಚೀಲದಲ್ಲಿ ೧೫, ವರ್ತಕರಲ್ಲಿ ಕ್ರಮವಾಗಿ ೧, ೩, ೫. ಉತ್ತರವನ್ನು ಮರೆಮಾಡಿ ವಾಚಕರು ಇಂದು ಸಾಯಂಕಾಲ ಮನೆಯ ಮಕ್ಕಳ ಮುಂದೆ ಇದನ್ನು ಇಟ್ಟುನೋಡಲಿ.